ಮಳೆಗಾಲಕ್ಕೆ ಮುಂಚೆ ಅಡುಗೆಮನೆ: ಗ್ಯಾಸು, ಸೌದೆ ಒಲೆ, ಹಂಡೆ ಒಲೆ, ಮನೆ ಒಳಗಿನ ಗಾಳಿ – ಮಲೆನಾಡು ಕಡೆಯೋರಿಗೆ ಪೂರ್ತಿ ಗೈಡ್

ಗ್ಯಾಸ್ ಸೇಫ್ಟಿ ಬಗ್ಗೆ ಯಾವ ವಿಡಿಯೋ ನೋಡಿದ್ರೂ ಕೊನೆಗೆ ಒಂದೇ ಮಾತು, ಕಿಟಕಿ ತೆಗ್ದಿಡಿ ಅಂತ. ಹೇಳೋರಿಗೆ ಸುಲಭ. ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಪುನರ್ವಸು ಮಳೆ ಹಿಡ್ಕೊಂಡ್ರೆ ಆಶ್ಲೇಷ ಮುಗಿಯೋ ತನಕ ಯಾರ್ರೀ ಕಿಟಕಿ ತೆಗೀತಾರೆ? ಇರಚಲು ಹೊಡೆದು ಹಾಸಿಗೆವರೆಗೂ ನೀರು ಬರತ್ತೆ. ಹಂಗಾಗಿ ಬಾಗ್ಲು ಕಿಟಕಿ ಎಲ್ಲಾ ಮುಚ್ಕೊಂಡು, ಒಳಗೆ ಗ್ಯಾಸ್ ಉರೀತಿರತ್ತೆ, ಬಚ್ಚಲಲ್ಲಿ ಹಂಡೆ ಒಲೆ ಉರೀತಿರತ್ತೆ, ಬಾಣಂತಿ ಇದ್ರೆ ಕೋಣೇಲಿ ಕೆಂಡ, ಸಂಜೆ ಆದ್ರೆ ಸೊಳ್ಳೆ ಕಾಯಿಲ್ಲು, ಮೂಲೇಲಿ ಬಟ್ಟೆ ಒಣಗ್ತಿರತ್ತೆ, ಇಷ್ಟೆಲ್ಲಾ ಒಂದೇ ಗಾಳಿಲಿ ನಡೀಬೇಕು. ನಮ್ಮ ಕಡೆಗೆ ಬೇಕಾಗಿರೋ ಗೈಡು ಬೇರೆ. ಕೆಲಸ ಎಲ್ಲಾ ಮೇ ತಿಂಗಳಲ್ಲೇ ಮುಗಿಸ್ಬೇಕು, ಮಳೆ ಶುರುವಾದ್ಮೇಲೆ ಹೆಂಚು ಹತ್ತೋಕೆ ಯಾರೂ ಬರಲ್ಲ.

ಮೊದ್ಲು ಗಾಳಿ ಹೆಂಗೆ ಓಡಾಡತ್ತೆ ನೋಡ್ಕೊಳಿ

ಏನೂ ಕೊಂಡ್ಕೊಳೋಕ್ ಮುಂಚೆ ಒಂದು ಊದುಬತ್ತಿ ಹಚ್ಚಿ. ಗ್ಯಾಸ್ ಆಫ್ ಇರ್ಲಿ, ಬಾಗ್ಲು ಕಿಟಕಿ ಮಳೆಗಾಲದಲ್ಲಿ ಹೆಂಗ್ ಮುಚ್ಚಿರ್ತೀರೋ ಹಂಗೇ ಮುಚ್ಚಿ, ಊದುಬತ್ತಿ ಹಿಡ್ಕೊಂಡು ಒಲೆ ಹತ್ರ, ಬಾಗ್ಲು ಸಂದೀಲಿ, ವೆಂಟಿಲೇಟರ್ ಕೆಳಗೆ ನಿಂತ್ಕೊಂಡು ಹೊಗೆ ಯಾವ ಕಡೆ ವಾಲತ್ತೆ ನೋಡಿ. ನೆಟ್ಟಗೆ ಮೇಲಕ್ಕೆ ಹೋಗಿ ಅಲ್ಲೇ ಸುತ್ತುತಾ ಇದ್ರೆ ಆ ಅಡುಗೆಮನೆ ಉಸಿರಾಡ್ತಿಲ್ಲ ಅಂತ ಅರ್ಥ. ಹಳೇ ಹೆಂಚಿನ ಮನೇಲಿ ಈ ತೊಂದ್ರೆ ಕಮ್ಮಿ, ಹೆಂಚಿನ ಸಂದಿ ಸಂದೀಲಿ ಹೊಗೆ ಹೋಗ್ತಿತ್ತು. ಆರ್‌ಸಿಸಿ ತಾರಸಿ ಹಾಕಿ, ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ ಇಟ್ಮೇಲೆ ಮನೆ ನೋಡೋಕ್ ಚೆನ್ನಾಗಾಯ್ತು, ಗಾಳಿ ಮಾತ್ರ ನಿಂತೋಯ್ತು.

ಗಾಳಿಗೆ ಎರಡು ದಾರಿ ಬೇಕು, ಒಳಗೆ ಬರೋಕೆ ಒಂದು, ಹೊರಗೆ ಹೋಗೋಕೆ ಒಂದು. ಎಕ್ಸಾಸ್ಟ್ ಫ್ಯಾನ್ ಹಾಕ್ಸಿದೀವಿ ಆದ್ರೂ ಹೊಗೆ ಹೋಗಲ್ಲ ಅನ್ನೋರ ಮನೇಲಿ ಎಷ್ಟೋ ಸಲ ಫ್ಯಾನ್ ಸರಿ ಇರತ್ತೆ, ಒಳಗೆ ಬರೋ ದಾರೀನೇ ಇರಲ್ಲ. ಅಡುಗೆಮನೆ ಬಾಗ್ಲು ಕೆಳಗೆ ಒಂದಿಂಚು ಸಂದಿ ಬಿಡ್ಸಿ, ಇಲ್ಲಾ ಎದುರುಗೋಡೆ ಕೆಳಗೆ ಜಾಲರಿ ಹಾಕಿದ ತೂತು ಮಾಡ್ಸಿ. ಮೇಲಿನ ವೆಂಟಿಲೇಟರಿಗೆ ಹೊರಗಡೆ ಸಜ್ಜಾ ಇಲ್ಲಾ ಒಂದು ಶೀಟ್ ತುಂಡು ಇಳಿಜಾರಾಗಿ ಹೊಡ್ಸಿದ್ರೆ ಇರಚಲು ಬರಲ್ಲ, ಆಗ ಅದನ್ನ ಮಳೆಗಾಲ ಪೂರ್ತಿ ತೆಗ್ದೇ ಇಡಬೋದು. ಕರೆಂಟ್ ಹೋದಾಗ, ನಮ್ಮಲ್ಲಿ ಹೋಗೇ ಹೋಗತ್ತೆ, ಕೆಲಸ ಮಾಡೋದು ಇದೊಂದೇ. ಅದಕ್ಕೇ ನಾನು ಫ್ಯಾನಿಗಿಂತ ಮುಂಚೆ ಸಜ್ಜಾ ಮಾಡ್ಸಿ ಅನ್ನೋದು.

ಗ್ಯಾಸು: ಟ್ಯೂಬ್, ರೆಗ್ಯುಲೇಟರ್, ನೆಲ

ಎಲ್‌ಪಿಜಿ ಗಾಳಿಗಿಂತ ಭಾರ. ಅದರಲ್ಲಿರೋ ಪ್ರೊಪೇನ್ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಲೀಕ್ ಆದ್ರೆ ಮೇಲೆ ಹೋಗಲ್ಲ, ನೆಲದ ಮೇಲೆ ಹರ್ಕೊಂಡು ತಗ್ಗಲ್ಲಿ ಹೋಗಿ ನಿಲ್ಲತ್ತೆ. ಇದೊಂದು ತಲೇಲಿ ಇಟ್ಕೊಂಡ್ರೆ ಅರ್ಧ ಸೇಫ್ಟಿ ತಾನೇ ಅರ್ಥ ಆಗತ್ತೆ. ಕಟ್ಟೆ ಕೆಳಗೆ ಕಬೋರ್ಡ್ ಮಾಡ್ಸಿ ಸಿಲಿಂಡರ್ ಒಳಗಿಟ್ಟಿದ್ರೆ ಅದರ ಬಾಗ್ಲಿಗೆ ಕೆಳಗಡೆ, ನೆಲಕ್ಕೆ ತಾಗೋ ಹಂಗೆ, ತೂತು ಬೇಕು. ಕಾರ್ಪೆಂಟರ್ ಮೇಲ್ಗಡೆ ಅಂದವಾಗಿ ಜಾಲರಿ ಕೊರ್ದು ಕೊಟ್ಟಿರ್ತಾನೆ, ಅದು ಏನೂ ಉಪಯೋಗ ಇಲ್ಲ. ಮೆಟ್ಟಿಲಿಳಿದು ಹೋಗೋ ತಗ್ಗಿನ ಅಡುಗೆಮನೆ, ಮೋರಿ ಪಕ್ಕ, ಫ್ರಿಜ್ ಪಕ್ಕ, ಇಲ್ಲೆಲ್ಲಾ ಸಿಲಿಂಡರ್ ಬೇಡ. ಫ್ರಿಜ್ ತಾನಾಗೇ ಆನ್ ಆಗೋವಾಗ ಒಳಗೆ ಸಣ್ಣ ಕಿಡಿ ಬರತ್ತೆ, ನಾವೇನೂ ಮುಟ್ದೇ ಇದ್ರೂ.

ಈಗ ಕೈಲಿ ಮಾಡೋ ಕೆಲಸ. ಟ್ಯೂಬ್ ಬಗ್ಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡ್ರೂ ಬದಲಾಯಿಸಿ. ಒಳಗೆ ತಂತಿ ಇರೋ ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬೇ ತಗೊಳಿ, ಐಎಸ್ಐ ಮಾರ್ಕ್ ಇರ್ಲಿ, ಚೆನ್ನಾಗೇ ಕಂಡ್ರೂ 5 ವರ್ಷಕ್ಕೆ ತೆಗೀಬೇಕು, ಅದರ ಮೇಲೆ ಪ್ರಿಂಟ್ ಆಗಿರೋ ವರ್ಷ ನೋಡಿ. ಉದ್ದ ಒಂದೂವರೆ ಮೀಟರ್ ಒಳಗಿರ್ಲಿ. ಎರಡು ಟ್ಯೂಬ್ ಜೋಡ್ಸಿ ಕ್ಲಿಪ್ ಹಾಕೋದು, ಗೋಡೆ ತೂತಲ್ಲಿ ಹಂಗೇ ತೂರ್ಸೋದು ಬೇಡವೇ ಬೇಡ, ನಮ್ಮಲ್ಲಿ ಇಲಿ ಹೆಗ್ಗಣದ ಕಾಟ ಬೇರೆ, ಕಣ್ಣಿಗೆ ಕಾಣದ ಜಾಗದಲ್ಲಿ ಟ್ಯೂಬ್ ಇದ್ರೆ ಅವು ಕಡಿದಿದ್ದು ಗೊತ್ತೇ ಆಗಲ್ಲ. ಆಮೇಲೆ ಬಟ್ಟಲಲ್ಲಿ ಸೋಪ್ ನೀರು ಕಲಸಿ, ಎಲ್ಲಾ ಬೆಂಕಿ ಆರಿಸಿ, ಬರ್ನರ್ ನಾಬ್ ಮುಚ್ಚಿ ರೆಗ್ಯುಲೇಟರ್ ಮಾತ್ರ ಆನ್ ಮಾಡಿ, ಟ್ಯೂಬಿನ ಎರಡೂ ತುದಿ, ರೆಗ್ಯುಲೇಟರ್ ಕೂರೋ ಜಾಗಕ್ಕೆಲ್ಲಾ ಬ್ರಶ್ಶಲ್ಲಿ ಹಚ್ಚಿ. ಗುಳ್ಳೆ ಬಂದ್ರೆ ಲೀಕ್. ಬೆಂಕಿಕಡ್ಡಿ ಗೀರಿ ನೋಡೋ ಗಂಡುಗಲಿಗಳು ಇನ್ನೂ ಇದಾರೆ, ಅವರ ಹತ್ರ ಕಲೀಬೇಡಿ.

ಹೊಸ ಸಿಲಿಂಡರ್ ಬಂದಾಗ ಸೀಲು, ತೂಕ ಜೊತೆಗೆ ಮೇಲಿನ ಪಟ್ಟಿ ಒಳಗಡೆ ಪೇಂಟಲ್ಲಿ ಬರ್ದಿರೋದು ನೋಡಿ. ಎ ಅಂದ್ರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಪಕ್ಕದಲ್ಲಿ ವರ್ಷ. ಸಿ 27 ಅಂತಿದ್ರೆ ಆ ಸಿಲಿಂಡರಿನ ಮುಂದಿನ ಟೆಸ್ಟಿಂಗ್ 2027ರ ಸೆಪ್ಟೆಂಬರ್ ಒಳಗೆ ಆಗ್ಬೇಕು. ಇದು ಗ್ಯಾಸ್ ಎಕ್ಸ್‌ಪೈರಿ ಅಲ್ಲ, ಆದ್ರೆ ದಾಟಿದ್ದು ಬಂದ್ರೆ ವಾಪಸ್ ಕಳಿಸೋಕೆ ನಿಮಗೆ ಹಕ್ಕಿದೆ. ಸೀಲ್ ಕಿತ್ಮೇಲೆ ವಾಲ್ವ್ ಒಳಗೆ ಕಪ್ಪು ರಬ್ಬರ್ ರಿಂಗ್ ಇದ್ಯಾ ಅಂತ ಡೆಲಿವರಿ ಹುಡುಗ ಇದ್ದಾಗ್ಲೇ ನೋಡ್ಬಿಡಿ. ಬಹಳಷ್ಟು ಲೀಕ್ ಆಗೋದು ಆ ಚಿಕ್ಕ ರಿಂಗ್ ಸವೆದು ಹೋಗಿರೋದ್ರಿಂದ್ಲೇ. ದಾರ ಕಟ್ಟಿರೋ ಪ್ಲಾಸ್ಟಿಕ್ ಕ್ಯಾಪನ್ನ ಕಿತ್ತು ಬಿಸಾಕ್ಬೇಡಿ, ಲೀಕ್ ಆದ್ರೆ ವಾಲ್ವ್ ಮುಚ್ಚೋಕೆ ಅದೇ ಬೇಕು.

ಇನ್ನೊಂದು ನಮ್ಮ ಚಳಿ ಕಡೆ ಅಭ್ಯಾಸ. ಡಿಸೆಂಬರ್ ಬೆಳಿಗ್ಗೆ ಉರಿ ಸಣ್ಣ ಆಯ್ತು ಅಂತ ಸಿಲಿಂಡರ್ ಅಡ್ಡ ಮಲಗ್ಸೋದು, ಬಿಸಿನೀರು ಹೊಯ್ಯೋದು. ಚಳಿಗೆ ಗ್ಯಾಸ್ ಆವಿಯಾಗೋದು ನಿಧಾನ ಆಗತ್ತೆ, ಅದು ನಿಜ. ಆದ್ರೆ ಮಲಗ್ಸಿದ್ರೆ ಗ್ಯಾಸ್ ಬದ್ಲು ದ್ರವಾನೇ ರೆಗ್ಯುಲೇಟರಿಗೆ ನುಗ್ಗತ್ತೆ, ಒಂದು ಹನಿ ದ್ರವ ಇನ್ನೂರಕ್ಕಿಂತ ಜಾಸ್ತಿ ಪಟ್ಟು ಗ್ಯಾಸ್ ಆಗಿ ಹಿಗ್ಗತ್ತೆ, ಉರಿ ಒಮ್ಮೆಲೇ ಎದ್ದು ಮುಖಕ್ಕೆ ಬರಬೋದು. ನೆಟ್ಟಗಿಟ್ಟು ಸಣ್ಣ ಉರೀಲೇ ಮಾಡ್ಕೊಳಿ, ಖಾಲಿ ಆದ್ರೆ ಖಾಲಿ.

ಉರಿ ಬಣ್ಣ ದಿನಾ ನೋಡಿ. ನೀಲಿ ಇದ್ರೆ ಸರಿ. ಹಳದಿ ತುದಿ, ಪಾತ್ರೆ ತಳ ಕಪ್ಪು ಅಂದ್ರೆ ಗಾಳಿ ಸಾಲ್ತಿಲ್ಲ, ಪೂರ್ತಿ ಉರೀತಿಲ್ಲ, ಅಂದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಜಾಸ್ತಿ ಹುಟ್ತಿದೆ. ಹಾಲು ಉಕ್ಕಿ ಬರ್ನರ್ ತೂತು ಕಟ್ಟಿರತ್ತೆ, ಸೂಜಿ ಹಾಕಿ ಬಿಡ್ಸಿ, ಬಿಸಿನೀರಲ್ಲಿ ತೊಳ್ದು ಪೂರ್ತಿ ಒಣಗ್ಸಿ ಕೂರ್ಸಿ. ಆಮೇಲೂ ಹಳದಿ ಇದ್ರೆ ಮೆಕ್ಯಾನಿಕ್ ಕರೀರಿ, ಒಳಗಿನ ಜೆಟ್, ಅಂದ್ರೆ ಗ್ಯಾಸ್ ಚಿಮ್ಮೋ ಸಣ್ಣ ತೂತಿನ ಭಾಗ, ನಾವು ಮುಟ್ಟೋದಲ್ಲ. ಅಂದ್ಹಂಗೆ ಉಪ್ಪು, ಧೂಳು ಬಿದ್ದಾಗ ಒಂದು ಕ್ಷಣ ಕಿತ್ತಳೆ ಬಣ್ಣ ಬರತ್ತೆ, ಅದಕ್ಕೆ ಗಾಬರಿ ಬೇಡ.

ಲೀಕ್ ಆದಾಗ

ವಾಸನೆ ಬಂದ ತಕ್ಷಣ ಮೊದ್ಲು ದೇವರ ದೀಪದಿಂದ ಹಿಡಿದು ಇರೋ ಉರಿ ಎಲ್ಲಾ ಆರ್ಸಿ, ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚೋಕಾದ್ರೆ ಬಿಚ್ಚಿ ಕ್ಯಾಪ್ ಹಾಕಿ. ಸ್ವಿಚ್ ಮುಟ್ಬೇಡಿ. ಆನ್ ಅಷ್ಟೇ ಅಲ್ಲ, ಆಫ್ ಕೂಡ ಮಾಡ್ಬೇಡಿ, ಎರಡರಲ್ಲೂ ಕಿಡಿ ಬರತ್ತೆ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಹೊರಗೆ ತಳ್ಳೋಣ ಅಂತ ಬಹಳ ಜನಕ್ಕೆ ಅನ್ಸತ್ತೆ, ಅದೇ ಪ್ರಾಣ ತೆಗ್ಯೋ ಐಡಿಯಾ. ಬಾಗ್ಲು ಕಿಟಕಿ ತೆಗೀರಿ, ಮಳೆ ಬರ್ಲಿ ಏನಾದ್ರೂ ಆಗ್ಲಿ, ಎಲ್ಲರೂ ಹೊರಗೆ ಬನ್ನಿ, ಮೈನ್ ಸ್ವಿಚ್ ಮನೆ ಹೊರಗಿದ್ರೆ ಮಾತ್ರ ಅದನ್ನ ಇಳ್ಸಿ. ಹೊರಗೆ ಬಂದ್ಮೇಲೆ ಫೋನು, 1906 ಎಲ್‌ಪಿಜಿ ಎಮರ್ಜೆನ್ಸಿ, ದಿನಪೂರ್ತಿ ಇರತ್ತೆ. ಬೆಂಕಿ ಬಿದ್ರೆ 101 ಇಲ್ಲಾ 112.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕ್ಬೇಡಿ, ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚಿ, ಆರೋ ತನಕ ತೆಗೀಬೇಡಿ.

ಸೌದೆ ಒಲೆ

ಗ್ಯಾಸ್ ಬಂದು ಎಷ್ಟೋ ವರ್ಷ ಆದ್ರೂ ನಮ್ಮ ಕಡೆ ಸೌದೆ ಒಲೆ ಹೋಗಿಲ್ಲ, ಹೋಗೋದೂ ಇಲ್ಲ. ತೋಟ ಇರೋರಿಗೆ ಮರಗಸಿ ಮಾಡಿದ ಸಿಲ್ವರ್ ಓಕ್ ಕೊಂಬೆ, ಕಿತ್ತ ಕಾಫಿ ಗಿಡ ಪುಕ್ಸಟ್ಟೆ ಸಿಗತ್ತೆ, ಅರಸೀಕೆರೆ ಚನ್ನರಾಯಪಟ್ಟಣ ಕಡೆಯೋರಿಗೆ ತೆಂಗಿನ ಗರಿ, ಮಟ್ಟೆ, ಚಿಪ್ಪು. ಕಡುಬು ಬೇಯೋಕೆ, ಅಕ್ಕಿರೊಟ್ಟಿ ಕೆಂಡದ ಮೇಲೆ ಉಬ್ಬಿಸೋಕೆ ಅದೇ ಚೆಂದ ಅನ್ನೋದನ್ನೂ ನಾನು ಅಲ್ಲ ಅನ್ನಲ್ಲ. ಆದ್ರೆ ಸೌದೆ ಹೊಗೇಲಿರೋ ಸಣ್ಣ ಕಣ, ಪಿಎಂ 2.5 ಅಂತಾರಲ್ಲ, ಅದು ಶ್ವಾಸಕೋಶದ ತಳದವರೆಗೂ ಇಳಿಯತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟಿರೋ ಮಿತಿ 24 ಗಂಟೆ ಸರಾಸರಿಗೆ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 60. ಚಿಮಣಿ ಇಲ್ಲದ ಒಲೆ ಮುಂದೆ ಅಡುಗೆ ಹೊತ್ತಲ್ಲಿ ಇದು ನೂರುಗಟ್ಟಲೆ ದಾಟತ್ತೆ. ಮನೆ ಒಳಗಿನ ಹೊಗೆಯಿಂದ ಪ್ರಪಂಚದಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತಿದಾರೆ ಅಂತ ಅದೇ ಸಂಸ್ಥೆ ಲೆಕ್ಕ. ಅಜ್ಜಿ ತೊಂಬತ್ತು ವರ್ಷ ಬದುಕಿದ್ಲು ಅನ್ನೋರಿಗೆ ಒಂದೇ ಪ್ರಶ್ನೆ, ಅಜ್ಜಿಗೆ ಕೆಮ್ಮು ಇರ್ಲಿಲ್ವಾ? ಕಣ್ಣಿಗೆ ಪೊರೆ ಬಂದಿರ್ಲಿಲ್ವಾ?

ಸರಿ ಮಾಡೋದು ಹೆಂಗೆ ಅಂದ್ರೆ, ಮೊದ್ಲು ಸೌದೆ. ಹೊಗೆ ಬರೋಕೆ ಮುಖ್ಯ ಕಾರಣ ಹಸಿ. ನೀರಿನಂಶ ಆವಿಯಾಗೋಕೇ ಶಾಖ ಖರ್ಚಾಗಿ ಉರಿ ತಣ್ಣಗಾಗತ್ತೆ, ತಣ್ಣಗಾದ ಉರೀಲಿ ಸೌದೆ ಪೂರ್ತಿ ಸುಡಲ್ಲ. ಬೇಸಿಗೆ ಶುರುವಾಗೋಕ್ ಮುಂಚೆನೇ ಕಡಿದು, ಸೀಳಿ, ಬಿಸಿಲು ಕಾಣ್ಸಿ, ಮೇ ಕೊನೆಗೆ ಸೌದೆ ಕೊಟ್ಟಿಗೆ ಸೇರ್ಬೇಕು. ದಪ್ಪ ಕೊರಡು ತುರುಕೋದು ಬೇಡ, ಮಣಿಕಟ್ಟಿನ ದಪ್ಪಕ್ಕೆ ಸೀಳಿ. ಎರಡು ಸೌದೆ ತಗೊಂಡು ಒಂದಕ್ಕೊಂದು ಬಡೀರಿ, ಟಣ್ ಅಂದ್ರೆ ಒಣಗಿದೆ, ದಬ್ ಅಂದ್ರೆ ಹಸಿ. ನಾಳೆ ಬೇಕಾಗಿರೋದನ್ನ ಇವತ್ತು ರಾತ್ರಿ ಒಲೆ ಆರಿದ್ಮೇಲೆ ಪಕ್ಕದಲ್ಲಿ ಒರಗಿಸಿಡಿ, ಉರೀತಿರೋ ಒಲೆ ಮೇಲೆ ಅಲ್ಲ.

ಮಳೇಲಿ ಒಲೆ ಹತ್ತಲ್ಲ ಅಂತ ಪ್ಲಾಸ್ಟಿಕ್ ಕವರ್, ಸೈಕಲ್ ಟ್ಯೂಬಿನ ತುಂಡು, ಹಳೇ ಚಪ್ಪಲಿ ಹಾಕ್ತಾರಲ್ಲ, ಅದು ಇವತ್ತಿಗೇ ನಿಲ್ಲಬೇಕು. ಪಿವಿಸಿ ಅಂಥ ಪ್ಲಾಸ್ಟಿಕ್ ಸುಟ್ರೆ ಡಯಾಕ್ಸಿನ್ ಹುಟ್ಟತ್ತೆ, ಕ್ಯಾನ್ಸರಿಗೆ ದಾರಿ ಮಾಡೋ ವಸ್ತು, ಅದೇ ಹೊಗೇಲಿ ರೊಟ್ಟಿ ಬೇಯ್ಸಿ ತಿಂತೀವಿ. ಒಣಗಿದ ತೆಂಗಿನ ನಾರು, ಒಂದು ತುಂಡು ಚಿಪ್ಪು, ಸಿಲ್ವರ್ ಓಕಿನ ಒಣ ಎಲೆ ಒಂದು ಡಬ್ಬೀಲಿ ತುಂಬಿಟ್ಕೊಂಡ್ರೆ ಜಡಿಮಳೇಲೂ ಹತ್ತತ್ತೆ.

ಎರಡ್ನೇದು ಒಲೆ. ಮೂರು ಕಲ್ಲಿನ ಒಲೇಲಿ ಶಾಖ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಹೊರಗೆ ಹೋಗತ್ತೆ. ನಮ್ಮ ರಾಜ್ಯದ್ದೇ ಅಸ್ತ್ರ ಒಲೆ ಇದೆ. ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನೋ ವಿಭಾಗದೋರು ಹಳ್ಳಿ ಮನೆಗೆ ಅಂತಲೇ ಮಾಡಿದ್ದು. ಸೌದೆ ಹಾಕೋ ಗೂಡು ಮುಚ್ಚಿರತ್ತೆ, ಮೊದಲ ಪಾತ್ರೆಗೆ ನೇರ ಉರಿ, ಅದೇ ಬಿಸಿಗಾಳಿ ಎರಡು ಮೂರನೇ ಪಾತ್ರೆ ತಳ ಸವರ್ಕೊಂಡು ಕೊನೆಗೆ ಪೈಪಲ್ಲಿ ಹೆಂಚಿನ ಮೇಲೆ ಹೋಗತ್ತೆ. ಅನ್ನ ಒಂದ್ರಲ್ಲಿ, ಸಾರು ಒಂದ್ರಲ್ಲಿ, ಬಿಸಿನೀರು ಮೂರನೇದ್ರಲ್ಲಿ. ಕಟ್ಟೋಕೆ ಗೊತ್ತಿರೋ ಹಳೇ ಗಾರೆ ಕೆಲಸದೋರನ್ನ ಹಿಡೀರಿ, ಅಳತೆ ತಪ್ಪಿದ್ರೆ ಹೊಗೆ ಬಾಯಿಂದ್ಲೇ ವಾಪಸ್ ಬರತ್ತೆ. ಪಾತ್ರೆ ತೂತಿಗೆ ಸರಿಯಾಗಿ ಕೂರ್ಬೇಕು, ಸಂದಿ ಬಿಟ್ರೆ ಇಡೀ ಲೆಕ್ಕ ಕೆಡತ್ತೆ. ಹಳೇ ಒಲೇನೇ ಸಾಕು ಅನ್ನೋರು ಕೊನೇಪಕ್ಷ ತಳದಲ್ಲಿ ಕಬ್ಬಿಣದ ಜಾಲಿ ಇಟ್ಟು ಸೌದೆ ಎತ್ತರಿಸಿ, ಕೆಳಗಿಂದ ಗಾಳಿ ಸೇರಿದ್ರೆ ಊದುಗೊಳವೆ ಕೆಲಸ ಅರ್ಧ ಕಮ್ಮಿ.

ಮೂರ್ನೇದು ಪೈಪು. ತುದಿ ಛಾವಣಿ ನೆತ್ತಿಗಿಂತ ಮೇಲೆ ಹೋಗ್ಬೇಕು, ಸೂರಿನ ಕೆಳಗೆ ನಿಲ್ಲಿಸಿದ್ರೆ ಗಾಳಿ ಹೊಡೆತಕ್ಕೆ ಹೊಗೆ ಮನೆಗೇ ಬರತ್ತೆ. ಮೇಲೆ ಟೋಪಿ ಇರ್ಲಿ. ಮರದ ಪಕಾಸಿ, ರೀಪು ಪೈಪಿಗೆ ತಾಗಬಾರದು. ಒಳಗೆ ಕಟ್ಟೋ ಕಿಟ್ಟ ಬೆಂಕಿ ಹಿಡಿಯೋ ವಸ್ತು, ಮಳೆಗಾಲದಲ್ಲಿ ಹಸಿ ಸೌದೆ ಉರ್ಸಿದ್ರೆ ಬೇಗ ಕಟ್ಟತ್ತೆ, ಹಗ್ಗಕ್ಕೆ ಗೋಣಿಚೀಲ ಗಂಟು ಕಟ್ಟಿ ಮೇಲಿಂದ ಎಳೆದು ಕ್ಲೀನ್ ಮಾಡ್ತಿರಿ. ಅಟ್ಟದ ಮೇಲೆ ಕೊಬ್ಬರಿ, ಏಲಕ್ಕಿ ಒಣಗೋಕೆ ಹೊಗೆ ಬೇಕು ಅಂತ ಹಿರಿಯರು ತಕರಾರು ತೆಗೀತಾರೆ. ಒಣಗೋದು ಶಾಖಕ್ಕೆ, ಹೊಗೆಗಲ್ಲ. ಪೈಪು ಅಟ್ಟದ ಪಕ್ಕ ಹಾದು ಹೋಗೋ ಹಂಗೆ ಇಟ್ರೆ ಇಬ್ಬರಿಗೂ ಸಮಾಧಾನ.

ಎಸ್ಟೇಟ್ ಮಾಲೀಕರಿಗೆ ಒಂದು ಮಾತು. ಕೆಲಸದೋರ ಲೈನ್ ಮನೇಲಿ ಒಂದೇ ಕೋಣೆ, ಅಲ್ಲೇ ಒಲೆ, ಅಲ್ಲೇ ಮಕ್ಕಳು ಮಲಗೋದು. ಮನೆಗೊಂದು ಪೈಪು, ಒಂದು ಜಾಲರಿ ಹಾಕ್ಸೋದು ಸ್ಪ್ರಿಂಕ್ಲರ್ ಡೀಸೆಲ್ ಖರ್ಚಿನ ಮುಂದೆ ಏನೂ ಅಲ್ಲ.

ಕಾಣದ ವಿಷ: ಕೆಂಡ, ಗ್ಯಾಸ್ ಗೀಸರು, ಬಾಣಂತಿ ಕೋಣೆ

ಹೊಗೆ ಇದ್ರೆ ಕಣ್ಣುರಿಯತ್ತೆ, ಎದ್ದು ಹೊರಗೆ ಹೋಗ್ತೀವಿ. ನಿಗಿನಿಗಿ ಕೆಂಡದಲ್ಲಿ ಹೊಗೆ ಇರಲ್ಲ, ಅದಕ್ಕೇ ಅದು ಜಾಸ್ತಿ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟ್ಕೊಳತ್ತೆ. ಚಳಿಗೆ ಕೋಣೇಲಿ ಅಗ್ಗಿಷ್ಟಿಕೆ ಇಟ್ಟು ಬಾಗ್ಲು ಹಾಕಿ ಮಲಗಿದೋರು ಬೆಳಿಗ್ಗೆ ಏಳದೇ ಇರೋ ಸುದ್ದಿ ಪ್ರತಿ ಚಳಿಗಾಲ ಎಲ್ಲಾದ್ರೂ ಒಂದು ಕಡೆ ಬರತ್ತೆ.

ಬಾಣಂತನದಲ್ಲಿ ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಮಗು ತಲೆಗೆ ಹಿಡಿಯೋದು, ಮಂಚದ ಕೆಳಗೆ ಕೆಂಡ ಇಡೋದು ಇನ್ನೂ ಇದೆ. ದೊಡ್ಡೋರ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ಬೆಚ್ಚಗಿರಬೇಕು ಅನ್ನೋದು ಸರಿನೇ. ಬಿಸಿನೀರಿನ ಬ್ಯಾಗು, ಟೋಪಿ, ಕಂಬಳಿ, ಇಲ್ಲಾ ಕರೆಂಟ್ ಹೀಟರ್ ಕೊಡಿ. ಸಾಂಬ್ರಾಣಿ ಬೇಕೇ ಬೇಕು ಅಂದ್ರೆ ಖಾಲಿ ಕೋಣೇಲಿ ಹಾಕಿ, ಗಾಳಿಯಾಡ್ಸಿ, ಕೆಂಡ ಹೊರಗೆ ಹಾಕಿದ್ಮೇಲೆ ತಾಯಿ ಮಗು ಒಳಗೆ ಬರ್ಲಿ.

ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇರ್ಲೇಬಾರದು. ಹೊರಗಡೆ ಗೋಡೆಗೆ ಹಾಕಿ ಬಿಸಿನೀರಿನ ಪೈಪ್ ಮಾತ್ರ ಒಳಗೆ ತಗೊಳಿ. ಚಿಕ್ಕಮಗಳೂರು ಹೋಂಸ್ಟೇ ನಡೆಸೋರು ದಯವಿಟ್ಟು ಇದನ್ನ ಇವತ್ತೇ ನೋಡಿ, ಕಿಟಕಿ ಇಲ್ಲದ ಅಟ್ಯಾಚ್ಡ್ ಬಾತ್‌ರೂಮಲ್ಲಿ ಗೀಸರ್ ಇಟ್ಟು, ಗೆಸ್ಟು ಅರ್ಧ ಗಂಟೆ ಸ್ನಾನ ಮಾಡಿದ್ರೆ ಏನಾಗ್ಬೋದು ಅಂತ.

ತಲೆನೋವು, ತಲೆಸುತ್ತು, ವಾಂತಿ ಬಂದಂಗೆ, ಮನೇಲಿ ಒಬ್ಬರಿಗಲ್ಲ ಎಲ್ಲರಿಗೂ ಒಟ್ಟಿಗೆ, ಹೊರಗೆ ಬಂದ್ರೆ ಹಗುರ ಅನ್ಸಿದ್ರೆ ಇದೇ ಅಂತ ಅನುಮಾನ ಪಡಿ. ಹೊರಗೆ ಕರ್ಕೊಂಡ್ ಬಂದು 108ಕ್ಕೆ ಫೋನ್ ಮಾಡಿ, ಕೆಂಡ ಇತ್ತು, ಗೀಸರ್ ಇತ್ತು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕೊರೊನಾ ಟೈಮಲ್ಲಿ ಕೊಂಡ ಬೆರಳಿಗೆ ಹಾಕೋ ಆಕ್ಸಿಮೀಟರ್ ನಂಬ್ಬೇಡಿ, ರಕ್ತದಲ್ಲಿ ಅಂಟ್ಕೊಂಡಿರೋದು ಆಮ್ಲಜನಕನಾ ಮೊನಾಕ್ಸೈಡಾ ಅಂತ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ, 98 ಅಂತ ತೋರ್ಸತ್ತೆ.

ಫ್ಯಾನು, ಚಿಮಣಿ, ಬೂಸ್ಟು

ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರ ಅಂದ್ರೆ 800 ಘನ ಅಡಿ. ಗಂಟೆಗೆ 15 ಸಲ ಗಾಳಿ ಬದಲಾಗ್ಬೇಕು ಅಂದ್ರೆ 12,000 ಘನ ಅಡಿ, ಅಂದ್ರೆ ಸುಮಾರು 340 ಘನ ಮೀಟರ್. ಫ್ಯಾನ್ ಬಾಕ್ಸ್ ಮೇಲೆ ಇದಕ್ಕಿಂತ ಜಾಸ್ತಿ ನಂಬರ್ ಇರೋದು ತಗೊಂಡು, ಒಲೆ ಇರೋ ಗೋಡೇಲೇ ಎತ್ತರದಲ್ಲಿ ಹಾಕ್ಸಿ. ಚಿಮಣಿ ಕೊಂಡ್ರೆ ಪೈಪ್ ಹೊರಗೆ ಹೋಗೋದೇ ತಗೊಳಿ, ಡಕ್ಟ್ ಇಲ್ಲದ್ದು ಜಿಡ್ಡು ವಾಸನೆ ಹಿಡಿಯತ್ತೆ ಅಷ್ಟೇ, ಆವಿ ಮತ್ತೆ ಗ್ಯಾಸ್ ಒಲೆಯಿಂದ ಬರೋ ನೈಟ್ರೋಜನ್ ಡೈಆಕ್ಸೈಡು ಅಲ್ಲೇ ಉಳಿಯತ್ತೆ. ಒಣಮೆಣಸಿನ ಒಗ್ಗರಣೆ ಘಾಟಿಗೆ ಫ್ಯಾನ್ ಆಮೇಲೆ ಹಾಕಿ ಉಪಯೋಗ ಇಲ್ಲ, ಎಣ್ಣೆ ಇಡೋಕ್ ಮುಂಚೆ ಹಾಕಿ, ಮುಗಿದ್ಮೇಲೂ ಸ್ವಲ್ಪ ಹೊತ್ತು ಬಿಡಿ.

ಒಂದು ಎಚ್ಚರ. ಜೋರಾಗಿ ಎಳೆಯೋ ಚಿಮಣಿ ಹಾಕಿ ಮನೆ ಪೂರ್ತಿ ಮುಚ್ಚಿದ್ರೆ ಅದು ಎಲ್ಲಿ ತೂತಿದ್ಯೋ ಅಲ್ಲಿಂದ ಗಾಳಿ ಎಳ್ಕೊಳತ್ತೆ, ಹಂಡೆ ಒಲೆ ಪೈಪಿನಿಂದ್ಲೂ. ಹೊರಗೆ ಹೋಗ್ಬೇಕಾಗಿದ್ದ ಹೊಗೆ, ಮೊನಾಕ್ಸೈಡು ಉಲ್ಟಾ ಮನೆಗೆ ಬರತ್ತೆ. ಹಂಡೆ ಒಲೆ ಉರಿಯೋವಾಗ ಚಿಮಣಿ ಹಾಕಿ ಅದೇ ಊದುಬತ್ತಿ ಬಚ್ಚಲಲ್ಲಿ ಹಿಡ್ದು ನೋಡಿ.

ಬೀರು ಬಟ್ಟೆ, ಚಪ್ಪಲಿ ಎಲ್ಲಾ ಬೂಸ್ಟು ಹಿಡಿಯೋಕೆ ಮಳೇನೇ ಕಾರಣ ಅಂತ ಎಲ್ಲರೂ ಬೈಯೋದು. ಒಂದು ಕೇಜಿ ಎಲ್‌ಪಿಜಿ ಉರಿದ್ರೆ ಒಂದೂವರೆ ಕೇಜಿಗಿಂತ ಜಾಸ್ತಿ ನೀರಾವಿ ಹುಟ್ಟತ್ತೆ, ಅಂದ್ರೆ 14.2 ಕೇಜಿ ಸಿಲಿಂಡರ್ ಖಾಲಿ ಆಗೋದ್ರೊಳಗೆ 20 ಲೀಟರಿಗೂ ಮೀರಿ ನೀರು ಮನೆ ಗಾಳಿಗೆ ಸೇರತ್ತೆ, ಕಡುಬಿನ ಆವಿ ಲೆಕ್ಕ ಬೇರೆ. ಹೊರಗೆ ಕಳ್ಸದೇ ಇದ್ರೆ ತಣ್ಣನೆ ಗೋಡೆ ಮೇಲೆ ಕೂತು ಬೂಸ್ಟಾಗತ್ತೆ. ಇಂಡಕ್ಷನ್ ಒಲೇಲಿ ಈ ತಾಪತ್ರಯ ಇಲ್ಲ, ಕರೆಂಟ್ ಇದ್ದಾಗ.

ಗೋಬರ್ ಗ್ಯಾಸ್ ಇರೋರಿಗೆ ಲೆಕ್ಕ ಉಲ್ಟಾ

ಅದರಲ್ಲಿರೋ ಮೀಥೇನ್ ಗಾಳಿಗಿಂತ ಹಗುರ, ಲೀಕ್ ಆದ್ರೆ ಮೇಲೆ ಹೋಗಿ ಛಾವಣಿ ಹತ್ರ ನಿಲ್ಲತ್ತೆ, ಅಲ್ಲಿ ವೆಂಟಿಲೇಟರ್ ಬೇಕು. ಎಲ್‌ಪಿಜಿ ಸ್ಟವ್ ಹಂಗೇ ಜೋಡ್ಸೋಕಾಗಲ್ಲ, ಜೆಟ್ ಬೇರೆ. ಉರಿ ಕುಣಿತಾ ಇದ್ರೆ ಪೈಪಲ್ಲಿ ನೀರು ನಿಂತಿರತ್ತೆ, ತಗ್ಗಲ್ಲಿರೋ ವಾಲ್ವ್ ಬಿಟ್ಟು ಖಾಲಿ ಮಾಡಿ. ಗುಂಡಿ ಒಳಗೆ ಯಾವ ಕಾರಣಕ್ಕೂ ಇಳೀಬೇಡಿ.

ಅಲಾರಂ ತಗೊಂಡ್ರೆ ಎಲ್ಲಿ ಹಾಕ್ಬೇಕು ಅನ್ನೋದೂ ಇದೇ ಲೆಕ್ಕ. ಎಲ್‌ಪಿಜಿದು ನೆಲದಿಂದ ಒಂದಡಿ ಎತ್ತರಕ್ಕೆ, ಗೋಬರ್ ಗ್ಯಾಸಿಂದು ಛಾವಣಿ ಹತ್ರ, ಕಾರ್ಬನ್ ಮೊನಾಕ್ಸೈಡಿಂದು ಮಲಗೋ ಕೋಣೇಲಿ ಮುಖದ ಎತ್ತರಕ್ಕೆ. ಬ್ಯಾಟರಿದೇ ತಗೊಳಿ, ಕರೆಂಟಿಂದು ನಮ್ಮೂರಿಗಲ್ಲ.

ದುಡ್ಡು ಎಲ್ಲದಕ್ಕೂ ಒಟ್ಟಿಗೆ ಇರಲ್ಲ. ನನ್ನ ಪ್ರಕಾರ ಮೊದ್ಲು ಟ್ಯೂಬು, ಆಮೇಲೆ ಗೀಸರ್ ಹೊರಗೆ ಹಾಕ್ಸೋದು, ಆಮೇಲೆ ಒಲೆ ಪೈಪು, ವೆಂಟಿಲೇಟರಿಗೆ ಸಜ್ಜಾ, ನಂತರ ಫ್ಯಾನು, ಮೊನಾಕ್ಸೈಡ್ ಅಲಾರಂ. ಶೋರೂಮಿನ ಚಿಮಣಿ ಎಲ್ಲಕ್ಕಿಂತ ಕೊನೆಗೆ. 1906, 101, 108 ನಂಬರ್‌ಗಳನ್ನ ಫ್ರಿಜ್ ಮೇಲೆ ಅಂಟಿಸೋ ಬದ್ಲು ಹೊರಗೆ ಜಗಲಿ ಗೋಡೆ ಮೇಲೆ ಬರೀರಿ, ಲೀಕ್ ಆದಾಗ ಫೋನ್ ಮಾಡೋದು ಅಲ್ಲಿಂದ. ತೋಟದ ಮನೆ ಆದ್ರೆ ಯಾವ ಮೂಲೇಲಿ ನೆಟ್‌ವರ್ಕ್ ಸಿಗತ್ತೆ ಅಂತ ಮಕ್ಕಳಿಗೂ ತೋರ್ಸಿಡಿ.